ತೊರಕೆಯ ಬಾಲ

ಮೂರು ಲಾಡಿ ಹುಳುಗಳನ್ನು ಕಂಡುಹಿಡಿದು ಹೆಸರಿಟ್ಟ ಕೀರ್ತಿ ನನ್ನದು. ಮದುವೆ ಮನೆಗಳಲ್ಲಿ ಯಾರಾದರೂ ನೀವು ಯಾವುದರ ಮೇಲೆ ಪಿಎಚ್‌ಡಿ ಮಾಡಿದ್ದು ಎಂದು ಕೇಳಿದರೆ, ಮೀನಿನ ಮೇಲೆ ಎಂದು ಹೇಳಿ ಮಾತು ಮುಗಿಸುತ್ತೇನೆ. ಊಟಕ್ಕೆ ಕೂತವರ ಮುಂದೆ ಹುಳುವಿನ ವಿಷಯ ಎತ್ತಬಾರದು ಎಂಬ ಮರ್ಯಾದೆ ಎಂದು ನೋಡಿದವರು ತಿಳಿದುಕೊಳ್ಳಲಿ. ಅಸಲಿಗೆ ಆ ಮೂರು ಹುಳುಗಳ ಮಾತು ಬಂದರೆ ನನಗೆ ಮೈ ಉರಿಯುತ್ತದೆ. ಮೂರರಲ್ಲಿ ಒಂದರ ಹೆಸರಿನ ಮುಂದೆ ಪುಸ್ತಕಗಳಲ್ಲಿ "ಸಂಶಯಾಸ್ಪದ" ಎಂದು ಬರೆದಿದ್ದಾರೆ.

ಮೊದಲು ಹುಳುವಿನ ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮ ಕರಾವಳಿಯವರು ತೊರಕೆ ಎನ್ನುವ, ಮುಂಬಯಿಯ ಕೋಲಿ ಮೀನುಗಾರರು ಪಾಕಟ್ ಎನ್ನುವ ಚಪ್ಪಟೆ ಮೀನೊಂದಿದೆ. ಮೊರದಗಲದ ಮೈ, ಹಿಂದೆ ಉದ್ದನೆಯ ಬಾಲ, ಬಾಲದಲ್ಲಿ ವಿಷದ ಮುಳ್ಳು. ಅದರ ಕರುಳನ್ನು ಸೀಳಿದರೆ ಒಳಗೆ ಸುರುಳಿ ಮೆಟ್ಟಿಲಿನ ಹಾಗೆ ಮಡಿಕೆಗಳು. ಆ ಮಡಿಕೆಗಳಲ್ಲಿ ತಲೆ ಊರಿಕೊಂಡು ಬದುಕುವ ಲಾಡಿ ಹುಳುಗಳು. ತಲೆಯಲ್ಲಿ ಎಲೆಯಂಥ ನಾಲ್ಕು ಹೀರುಬಟ್ಟಲು, ಒಂದೊಂದರ ಮೇಲೂ ಒಂದು ಜೊತೆ ಕವಲು ಕೊಕ್ಕೆ. ಕೊಕ್ಕೆಯ ಅಳತೆ, ಮೈಯ ತುಂಡುಗಳ ಎಣಿಕೆ, ತುಂಡುಗಳ ಒಳಗೆ ಅಂಗಗಳು ಕೂತಿರುವ ರೀತಿ, ಇಷ್ಟನ್ನು ನೋಡಿ ಇದು ಇಂಥ ಜಾತಿ ಎಂದು ಹೇಳುತ್ತೇವೆ. ಈ ಹುಳುಗಳು ಬಲು ಹಟಮಾರಿಗಳು. ಒಂದು ಬಗೆಯ ತೊರಕೆಯ ಹುಳು, ಪಕ್ಕದಲ್ಲೇ ಈಜುವ ಇನ್ನೊಂದು ಬಗೆಯ ತೊರಕೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಹುಳು ಯಾವುದು ಎನ್ನುವ ಮೊದಲು ಮೀನು ಯಾವುದು ಎಂದು ಹೇಳಬೇಕು. ಇದನ್ನು ನಾನು ಈಗ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ, ಮುಖದಲ್ಲಿ ಏನೂ ತೋರಿಸಿಕೊಳ್ಳದೆ.

ನನ್ನ ಗೈಡ್ ಧಾರವಾಡದ ಕಡೆಯವರು, ಮುಂಬಯಿ ಉಪನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ನಾವು ಸರ್ ಎನ್ನುತ್ತಿದ್ದೆವು, ಈಗಲೂ ಹಾಗೆಯೇ ಎನ್ನುತ್ತೇನೆ. ಜೋಗೇಶ್ವರಿಯ ಚಾಳಿನಿಂದ ಬಂದ, ಅಪ್ಪ ಬಾಂದ್ರಾದ ಉಡುಪಿ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದ ಹುಡುಗಿ ನಾನು. ಮನೆಯಲ್ಲಿ ತುಳು, ಒಂದಿಷ್ಟು ಕನ್ನಡ, ಬೀದಿಯಲ್ಲಿ ಹಿಂದಿ. ಸರ್ ನನ್ನ ಅರ್ಜಿ ನೋಡಿ "ನಮ್ಮ ಕಡೀಯಾಕಿ ಅದಾಳ" ಎಂದು ಸಂತೋಷಪಟ್ಟು ಸೇರಿಸಿಕೊಂಡರು. ನಮ್ಮ ಕಡೆ ಎಂದರೆ ಇಡೀ ಕರ್ನಾಟಕ ಎಂಬ ದೊಡ್ಡ ಮನಸ್ಸು ಅವರದು. ಆ ದೊಡ್ಡ ಮನಸ್ಸಿನ ಋಣದಲ್ಲಿ ನಾನು ಬಾಯಿ ಮುಚ್ಚಿಕೊಂಡು ಕಳೆದ ವರ್ಷಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಸರ್ ಅವರ ಲ್ಯಾಬಿನಲ್ಲಿ ಒಂದು ಸಂಪ್ರದಾಯವಿತ್ತು. ಮೂರು ಹೊಸ ಜಾತಿ ಇಲ್ಲದೆ ಥೀಸಿಸ್ ಇಲ್ಲ. ಮೊದಲನೆಯ ಹುಳುವಿಗೆ ಸರ್ ಅವರ ಗುರುಗಳ ಹೆಸರು, ಎರಡನೆಯದಕ್ಕೆ ಕಾಲೇಜಿನ ಟ್ರಸ್ಟಿಗಳಲ್ಲಿ ಯಾರಾದರೊಬ್ಬರ ಹೆಸರು, ಮೂರನೆಯದು ವಿದ್ಯಾರ್ಥಿಯ ಇಷ್ಟ. ವಿದ್ಯಾರ್ಥಿಯ ಇಷ್ಟ ಏನಿರಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ನನ್ನ ಮೂರನೆಯ ಹುಳು ಸರ್ ಅವರ ಶ್ರೀಮತಿಯವರ ಹೆಸರು ಹೊತ್ತಿತು. ಆ ತಾಯಿ ನಿಜವಾಗಿಯೂ ಸಂತೋಷಪಟ್ಟರು. ಅರಿಶಿನ ಕುಂಕುಮಕ್ಕೆ ಕರೆದು ನನಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು, ಹುಳುವಿನ ಚಿತ್ರಕ್ಕೆ ಕಟ್ಟು ಹಾಕಿಸಿ ಶೋಕೇಸಿನಲ್ಲಿ ಇಟ್ಟುಕೊಂಡರು.

ಇನ್ನು ಮೀನು. ಇಡೀ ತೊರಕೆಯನ್ನು ಕೊಳ್ಳುವ ಶಕ್ತಿ ನಮಗೆ ಯಾರಿಗೂ ಇರಲಿಲ್ಲ. ವರ್ಸೋವಾದ ಬಂದರಿನಲ್ಲಿ ಮೀನು ಕೊಯ್ಯುವ ಒಬ್ಬ ಹೆಂಗಸಿದ್ದಳು, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಮೊಣಕೈವರೆಗೆ ಹಸಿರು ಬಳೆ, ಬಾಯ್ತುಂಬ ತಂಬಾಕು, ಕೈಯಲ್ಲಿ ಮಚ್ಚು. ಆಕೆ ಕೊಯ್ದು ಕರುಳನ್ನು ನಮ್ಮ ಪ್ಲಾಸ್ಟಿಕ್ ಚೀಲಕ್ಕೆ ಎಸೆಯುತ್ತಿದ್ದಳು, ಮೀನು ಗಿರಾಕಿಯ ಬುಟ್ಟಿಗೆ ಹೋಗುತ್ತಿತ್ತು. ನಾವು ಕರುಳು ನೋಡಿದವರು, ಮೀನು ನೋಡಿದವರಲ್ಲ. ನೋಡಿದರೂ ಪ್ರಯೋಜನವಿರಲಿಲ್ಲ. ಮುಳ್ಳು ಚುಚ್ಚೀತೆಂದು ದೋಣಿಯವರು ತೊರಕೆಯ ಬಾಲವನ್ನು ಕಡಲಿನಲ್ಲೇ ಕಡಿದು ಬಿಸಾಡುತ್ತಿದ್ದರು, ಬಾಲವಿಲ್ಲದ ತೊರಕೆಗಳೆಲ್ಲ ನಮ್ಮ ಕಣ್ಣಿಗೆ ಒಂದೇ. ಅದಕ್ಕೆ ಸರ್ ಸುಲಭದ ದಾರಿ ಮಾಡಿಕೊಟ್ಟಿದ್ದರು. ಲ್ಯಾಬಿನ ರಿಜಿಸ್ಟರಿನ ಪ್ರತಿ ಹಾಳೆಯ ಮೊದಲ ಸಾಲಿನಲ್ಲಿ ಮೀನಿನ ಲ್ಯಾಟಿನ್ ಹೆಸರು ಮೊದಲೇ ಅಚ್ಚಾಗಿರುತ್ತಿತ್ತು. ಕೆಳಗಿನ ಸಾಲುಗಳಿಗೆಲ್ಲ ನಾವು ಮೇಲಿನದೇ ಎಂಬ ಡಿಟ್ಟೋ ಗುರುತು ಹಾಕುತ್ತ ಹೋಗುತ್ತಿದ್ದೆವು. ಸರ್ ಅವರ ವಿದ್ಯಾರ್ಥಿಗಳೆಲ್ಲ ಒಬ್ಬರ ಹಿಂದೆ ಒಬ್ಬರು ಅದೇ ಮೀನಿನ ಹೆಸರಿನ ಕೆಳಗೆ ಡಿಟ್ಟೋ ಹಾಕಿಯೇ ಡಾಕ್ಟರುಗಳಾದರು.

ಆ ಬೆಳಿಗ್ಗೆ ಏನಾಯಿತೋ, ಒಂದು ತೊರಕೆ ಬಾಲ ಸಮೇತ ಬಂದಿತ್ತು. ಮಾವಶಿ ಕರುಳನ್ನು ಚೀಲಕ್ಕೆ ಹಾಕುವ ಮೊದಲು ನನ್ನ ಕೈ ಹಿಡಿದು ತಡೆದಳು. "ಹೀ ವೇಗ್ಳೀ ಹಾಯ್ ಗೋ. ಶೇಪ್ಟೀ ಬಘ್" ಎಂದಳು. ಇದು ಬೇರೆ ಮೀನು, ಬಾಲ ನೋಡು ಎನ್ನುತ್ತಿದ್ದಳು. ಮಚ್ಚಿನ ತುದಿಯಿಂದ ಬಾಲವನ್ನು ಎತ್ತಿ ತೋರಿಸಿದಳು. ನಾವು ಕೇಳಿ ಬಲ್ಲ, ರಿಜಿಸ್ಟರಿನಲ್ಲಿದ್ದ ಪಾಕಟ್‌ನದು ಚಾವಟಿಯ ಹಾಗೆ ಬರಿ ಬಾಲ. ಇದರ ಬಾಲದ ಅಡಿಯಲ್ಲಿ ಅಂಗೈ ಅಗಲದ ಕಪ್ಪು ಚರ್ಮದ ಪಟ್ಟಿ, ಸೀರೆಗೆ ಫಾಲ್ ಹೊಲಿದ ಹಾಗೆ, ಜೋತು ಬಿದ್ದಿತ್ತು. ನಾನು ಮುಟ್ಟಿ ನೋಡಿದೆ, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ, ಬಾಲದ ಒಂದು ಚಿತ್ರವನ್ನೂ ಗೀಚಿಕೊಂಡೆ. ಮಾವಶಿ ನಕ್ಕು ಬಾಲವನ್ನು ಕತ್ತರಿಸಿ ನೀರಿಗೆ ಎಸೆದಳು.

ಮುಂದೆ ಸರ್ ಅವರ ಶ್ರೀಮತಿಯವರ ಹೆಸರು ಹೊತ್ತ ಹುಳು ಆ ಕರುಳಿನಲ್ಲಿ ಇತ್ತು. ಉಪ್ಪುನೀರಿನ ಗಾಜಿನ ತಟ್ಟೆಗೆ ಬಿಟ್ಟಾಗ ಇನ್ನೂ ಜೀವವಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಾಲ್ಕು ಎಲೆಗಳೂ ಒಂದೊಂದಾಗಿ ಬಿಚ್ಚಿಕೊಂಡವು, ಮುಚ್ಚಿಕೊಂಡವು, ತಟ್ಟೆಯ ತಳವನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮುಂದೆ ಸರಿದವು. ಪ್ರತಿ ಎಲೆಯ ಅಂಚಿನಲ್ಲಿ ಸಣ್ಣ ನಿರಿಗೆ. ಕೊಕ್ಕೆಯ ಒಂದು ಕವಲು ಇನ್ನೊಂದರ ಅರ್ಧದಷ್ಟೂ ಇಲ್ಲ. ಅಲ್ಲಿಯವರೆಗೆ ನಾನು ನೋಡಿದ ಯಾವ ಹುಳುವಿಗೂ, ಓದಿದ ಯಾವ ಹುಳುವಿಗೂ ಹೀಗಿರಲಿಲ್ಲ. ಊಟದ ಡಬ್ಬಿ ತೆರೆಯದೆ ಮಧ್ಯಾಹ್ನದವರೆಗೆ ಅದನ್ನೇ ನೋಡುತ್ತ ಕೂತಿದ್ದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ ಎಂದರೆ ಗಂಡ ಬೇಸರ ಮಾಡಿಕೊಳ್ಳುತ್ತಾರೆ, ಆದರೂ ಇದ್ದದ್ದು ಹೇಳಬೇಕು.

ಸರ್ ಬಂದು ನೋಡಿದರು. "ಭಾಳ ಚಲೋ ಐತಿ" ಎಂದರು. ನಾನು ಉತ್ಸಾಹದಲ್ಲಿ ಹೇಳಿದೆ:

"ಸರ್, ಮೀನೂ ಬೇರೆ. ಬಾಲದ ಅಡಿಯಲ್ಲಿ ಪಟ್ಟಿ ಇತ್ತು. ಮಾವಶಿಯೂ ಹೇಳಿದಳು."

"ಯಾವ ಮಾವಶಿ?"

"ಮೀನು ಕೊಯ್ಯುವವಳು ಸರ್."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟಾಗಲಿಲ್ಲ, ಅವರು ಸಿಟ್ಟಾಗುವವರೇ ಅಲ್ಲ. "ಮೀನ ಕೊಯ್ಯಾಕಿ ಮಾತು ರೆಫರೆನ್ಸ್ ಆಗೂದಿಲ್ಲ ತಂಗಿ. ಡಿಟ್ಟೋ ಹಾಕು" ಎಂದರು.

ನಾನು ಹಾಕಿದೆ. ಎರಡು ಸಣ್ಣ ಗೀಟು, ಅಷ್ಟೇ. ಆಮೇಲೆ ಸರ್ "ಕಟ್ಟು" ಎಂದರು. ಕಟ್ಟುವುದೆಂದರೆ ನಮ್ಮ ಲ್ಯಾಬಿನ ವಿಧಾನ. ಹುಳುವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಇಟ್ಟು, ದಾರ ಸುತ್ತಿ ಬಿಗಿದು, ಫಾರ್ಮಲಿನ್‌ನಲ್ಲಿ ಮುಳುಗಿಸುವುದು. ಚಪ್ಪಟೆಯಾದರೆ ಚಿತ್ರ ಬಿಡಿಸಲು ಸುಲಭ. ಅಮ್ಮನ ಜೊತೆ ಕೂತು ಮಲ್ಲಿಗೆ ಕಟ್ಟಿ ಪಳಗಿದ ಕೈ ನನ್ನದು, ಲ್ಯಾಬಿನಲ್ಲಿ ನನ್ನಷ್ಟು ಬಿಗಿಯಾಗಿ ಕಟ್ಟುವವರು ಇರಲಿಲ್ಲ. ಆ ದಿನವೂ ಚೆನ್ನಾಗಿಯೇ ಬಿಗಿದೆ.

ಮನೆಯಲ್ಲಿ ಅಮ್ಮನಿಗೆ ಬಾಲದ ಕಥೆ ಹೇಳಿದೆ. ಮಲ್ಪೆಯ ಹತ್ತಿರ ಹುಟ್ಟಿದವಳು, ಮೀನಿನ ವಿಷಯದಲ್ಲಿ ಯಾರ ಮಾತನ್ನೂ ಕೇಳುವವಳಲ್ಲ. "ಬಾಲದಡಿ ಕಪ್ಪು ಪಟ್ಟಿ ಉಂಟಲ್ಲ, ಅದು ಬೇರೆಯೇ ತೊರಕೆ ಮಾರಾಯ್ತಿ. ಅದರ ರುಚಿಯೇ ಬೇರೆ. ನಿಂಗೆ ಅಷ್ಟೂ ಗೊತ್ತಿಲ್ವಾ? ಮತ್ತೆ ಎಂತ ಓದುದು ನೀನು?" ಎಂದು ಮೂಗು ಮುರಿದಳು. ಒಂದೇ ದಿನದಲ್ಲಿ ಎರಡು ಸಾಕ್ಷಿ. ಎರಡೂ ರೆಫರೆನ್ಸ್ ಅಲ್ಲ.

ಉಳಿದ ಎರಡು ಹುಳುಗಳ ಕಥೆಯನ್ನೂ ಇಲ್ಲಿಯೇ ಹೇಳಬೇಕು. ವರ್ಷಗಳು ಕಳೆಯುತ್ತಿದ್ದವು, ಅಪ್ಪ ಕೌಂಟರಿನಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದರು, ನನಗೆ ಕೆಲಸ ಬೇಕಿತ್ತು, ಹೊಸ ಹುಳು ಸಿಗುತ್ತಿರಲಿಲ್ಲ. ಸಿಗುತ್ತಿದ್ದುದು ಎಲ್ಲರಿಗೂ ಸಿಗುವ, ಯಾವ ಕಾಲದಲ್ಲೋ ಹೆಸರಿಟ್ಟಾಗಿದ್ದ ಸಾಮಾನ್ಯ ಹುಳು. ಒಂದೇ ಕರುಳಿನಿಂದ ಅಂಥವೇ ಎರಡು ಹುಳು ತೆಗೆದು ಒಂದಕ್ಕೆ ದಾರವನ್ನು ಎರಡು ಸುತ್ತು ಸುತ್ತಿದೆ, ಇನ್ನೊಂದಕ್ಕೆ ಐದು ಸುತ್ತು. ಬಿಗಿದಷ್ಟೂ ಮೈ ಅಗಲವಾಗುತ್ತದೆ, ಒಳಗಿನ ಅಂಗಗಳು ಹರಡಿಕೊಳ್ಳುತ್ತವೆ, ಎಣಿಕೆ ಬದಲಾಗುತ್ತದೆ. ಅಳತೆಗಳನ್ನು ಕೋಷ್ಟಕದಲ್ಲಿ ಪಕ್ಕಪಕ್ಕ ಬರೆದರೆ ಹಳೆಯದೂ ಬೇರೆ, ಇವೆರಡೂ ಬೇರೆ. ಸರ್ ಬೆನ್ನು ತಟ್ಟಿದರು. ಒಂದು ಅವರ ಗುರುಗಳಿಗೆ, ಇನ್ನೊಂದು ಟ್ರಸ್ಟಿಗೆ ಹೋಯಿತು. ಟ್ರಸ್ಟಿಯ ಹೆಸರು ಹೊತ್ತ ಹುಳುವಿನಿಂದಲೇ ನನಗೆ ಅದೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಸರ್‌ಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ.

ವೈವಾಕ್ಕೆ ಮುಂಚೆ ಇನ್ನೊಂದು ಕೆಲಸ ಮಾಡಿದೆ. ಪರೀಕ್ಷಕರು ನೋಟ್‌ಬುಕ್ ಕೇಳಬಹುದು, ರಿಜಿಸ್ಟರಿನಲ್ಲಿ ಒಂದು, ನೋಟ್‌ಬುಕ್ಕಿನಲ್ಲಿ ಒಂದು ಇದ್ದರೆ ತಲೆನೋವು ಎಂದು ಹೆದರಿ, ಬಾಲದ ಚಿತ್ರವನ್ನೂ ಅದರ ಕೆಳಗಿನ ನಾಲ್ಕು ಸಾಲುಗಳನ್ನೂ ರಬ್ಬರಿನಿಂದ ಅಳಿಸಿದೆ. ಅಳಿಸು ಎಂದು ಸರ್ ಹೇಳಿರಲಿಲ್ಲ. ಪರೀಕ್ಷಕರು ನೋಟ್‌ಬುಕ್ ಕೇಳಲೂ ಇಲ್ಲ.

ಆಮೇಲೆ ಆಗಬೇಕಾದದ್ದೇ ಆಯಿತು. ಬೇರೆ ಊರುಗಳಲ್ಲಿ ಜನ ರಿಜಿಸ್ಟರಿನಲ್ಲಿದ್ದ ಮೀನನ್ನು ತಂದು ಕೊಯ್ದು ನನ್ನ ನಿಜವಾದ ಹುಳುವನ್ನು ಹುಡುಕಿದರು. ಅದು ಅಲ್ಲಿ ಇದ್ದರೆ ತಾನೇ? ಒಂದು ಸಮ್ಮೇಳನದಲ್ಲಿ ನಾನು ಪೇಪರ್ ಓದಿ ಮುಗಿಸಿದಾಗ ಹಿರಿಯರೊಬ್ಬರು ಎದ್ದು ನಿಂತು, ನಮ್ಮ ಹುಡುಗರು ವರ್ಷಗಟ್ಟಲೆ ಹುಡುಕಿದರೂ ಈ ಹುಳು ಸಿಗಲಿಲ್ಲವಲ್ಲ, ಇದು ಮುಂಬಯಿಯ ದಾರದಲ್ಲಿ ಹುಟ್ಟಿದ ಹುಳುವೇ ಎಂದು ಕೇಳಿದರು. ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸರ್ ಕೂಡ ನಕ್ಕರು. ಬಾಯಿ ತೆರೆದರೆ ರಿಜಿಸ್ಟರಿನ ಮಾತು ಬರುತ್ತದೆ, ನಾನು ಕಾಗದಗಳನ್ನು ಮಡಚಿಕೊಂಡು ವೇದಿಕೆ ಇಳಿದೆ. ದಾರದಲ್ಲಿ ಹುಟ್ಟಿದ ಎರಡು ಹುಳುಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವುಗಳ ಮೀನಿನ ಹೆಸರು ಸರಿಯಾಗಿತ್ತಲ್ಲ.

ಕಳೆದ ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು. ಬೇರೆ ಊರಿನ ಸಂಸ್ಥೆಯಲ್ಲಿ ತೊರಕೆಯ ಹುಳುಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದಾಳೆ. ಬೆಳೆದದ್ದು ಘಾಟ್ಕೋಪರ್‌ನಲ್ಲಿ, ತಂದೆ ವಿಜಯಪುರದವರು. "ಮ್ಯಾಮ್, ನಂಗ ಕನ್ನಡ ತಿಳೀತದ, ಬೋಲ್ನೇ ಮೇ ಗಡ್‌ಬಡ್ ಹೋತೀ ಹೈ" ಎಂದು ಮಾತಿನ ಎಡವಟ್ಟಿಗೆ ನಾಚಿಕೊಂಡಳು. ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಪ್ರತಿ ಮೀನಿನ ಬೆನ್ನು, ಹೊಟ್ಟೆ, ಬಾಲದ ಫೋಟೊ, ಪಕ್ಕದಲ್ಲಿ ಅಳತೆ ಪಟ್ಟಿ, ನಂಬರು. ಪ್ರತಿ ಮೀನಿನದೂ ಒಂದು ಚೂರು ಮಾಂಸ ಸಣ್ಣ ಸೀಸೆಯಲ್ಲಿ. ವರ್ಸೋವಾದ ದೋಣಿಯವರನ್ನು ಕಾಡಿ ಬೇಡಿ, ಬಾಲ ಕಡಿಯದೆ ತರುವಂತೆ ಒಪ್ಪಿಸಿದ್ದಾಳಂತೆ. ಅಷ್ಟು ಸರಳ ಕೆಲಸ. ನಮ್ಮಲ್ಲಿ ಒಬ್ಬರಿಗೂ ದೋಣಿಯವರನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಆ ಮಾತನ್ನು ಮುಚ್ಚಿಟ್ಟು ಏನು ಮಾಡಲಿ?

ಆಮೇಲೆ ಆಕೆ ಒಂದು ವಿಡಿಯೊ ಹಾಕಿದಳು. ಬಾಲದಡಿ ಪಟ್ಟಿ ಇರುವ ತೊರಕೆಯಲ್ಲಿ ಸಿಕ್ಕ ಹುಳು, ಜೀವಂತವಾಗಿ. ನಾಲ್ಕು ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು, ಮುಚ್ಚಿಕೊಂಡವು. ಅಂಚಿನಲ್ಲಿ ಅದೇ ನಿರಿಗೆ. ನನ್ನ ಕಣ್ಣು ತುಂಬಿತು. "ಇದೇ" ಎಂದೆ, ಎರಡು ಸಲ.

"ನಿಮ್ಮ ಹುಳಾನೇ ಆದ್ರ, ನೀವು ಇಟ್ಟ ನಾಮ್ ಹೀ ರಹೇಗಾ ಮ್ಯಾಮ್. ನಾ ಸಿರ್ಫ್ ಫಿರ್ ಸೇ ಡಿಸ್‌ಕ್ರೈಬ್ ಮಾಡ್ತೀನಿ" ಎಂದಳು. ನಾನಿಟ್ಟ ಹೆಸರೇ ಉಳಿಯುತ್ತದೆ, ಆಕೆ ಅದನ್ನು ಮತ್ತೊಮ್ಮೆ ವಿವರಿಸಿ ಬರೆಯುತ್ತಾಳೆ, ಹೆಸರಿನ ಮುಂದಿನ "ಸಂಶಯಾಸ್ಪದ" ಹೋಗುತ್ತದೆ. ಅದಕ್ಕೆ ಆಕೆಗೆ ಬೇಕಾದದ್ದು ಎರಡು: ನನ್ನ ಮೂಲ ಸ್ಲೈಡು, ಮತ್ತು ಮೀನು ಯಾವುದೆಂಬುದಕ್ಕೆ ಏನಾದರೂ ಪುರಾವೆ.

ಸ್ಲೈಡು ಸರ್ ಮನೆಯ ಕಪಾಟಿನಲ್ಲಿತ್ತು. ಮ್ಯೂಸಿಯಮ್ಮಿಗೆ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ನಿವೃತ್ತರಾಗಿ ಘಾಟ್ಕೋಪರ್‌ನ ಒಂದು ಸೊಸೈಟಿಯಲ್ಲಿರುವ ಸರ್ ಈಗ ಕೋಲು ಹಿಡಿದು ನಡೆಯುತ್ತಾರೆ. ನಾನು ಬಾಲದ ವಿಷಯ ನೆನಪಿಸಿದೆ. ಮೀನು ಬೇರೆಯಾಗಿತ್ತು, ಡಿಟ್ಟೋ ತಪ್ಪಾಗಿತ್ತು ಎಂದು ಎರಡು ಸಾಲು ಬರೆದು ಸಹಿ ಹಾಕಿ ಕೊಡಿ ಎಂದು ಕೇಳಿಕೊಂಡೆ. ಅವರಿಗೆ ಎಲ್ಲ ನೆನಪಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಒಂದು ಡಿಟ್ಟೋ ತಪ್ಪು ಅಂತ ಬರದು ಕೊಟ್ಟರ, ಉಳಿದ ಡಿಟ್ಟೋಗಳ ಗತಿ ಏನವಾ?" ಎಂದರು. "ನಿನ್ನಕಿಂತ ಮೊದಲ ಎಷ್ಟು ಮಂದಿ ಆ ರಿಜಿಸ್ಟರ್ ಮ್ಯಾಲ ಡಾಕ್ಟರ್ ಆಗ್ಯಾರ. ಅವರ ಹೊಟ್ಟೀ ಮ್ಯಾಲ ಹೊಡೀಲೇನು? ಸ್ಲೈಡ್ ಬೇಕಂದ್ರ ಒಯ್ಯಿ."

ಸ್ಲೈಡಿನ ಪೆಟ್ಟಿಗೆ ಹಿಡಿದು ಹೊರಟಾಗ ಅವರ ಶ್ರೀಮತಿ ಬಾಗಿಲವರೆಗೂ ಬಂದರು. ಶೋಕೇಸಿನಲ್ಲಿ ಕಟ್ಟು ಹಾಕಿದ ಚಿತ್ರ ಇನ್ನೂ ಇತ್ತು. "ನನ್ನ ಹುಳಾ ತಗೊಂಡು ಹೊಂಟೀ? ಜ್ವಾಕಿ ಅವ್ವಾ" ಎಂದು ನಕ್ಕರು. ನಾನೂ ನಗಬೇಕಾಯಿತು.

ಮರುದಿನ ಲ್ಯಾಬಿನಲ್ಲಿ ಹುಡುಗಿ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಬಹಳ ಹೊತ್ತು ನೋಡಿದಳು, ಆಮೇಲೆ ಎದ್ದು ನನಗೆ ಜಾಗ ಬಿಟ್ಟಳು. ನೋಡಿದೆ. ನಾಲ್ಕು ಎಲೆಗಳು ಜಜ್ಜಿ ಒಂದೇ ಮುದ್ದೆಯಾಗಿದ್ದವು. ನಿರಿಗೆ ಎಲ್ಲಿಯೂ ಇರಲಿಲ್ಲ. ಕೊಕ್ಕೆಗಳು ಮುರಿದು ಅಡ್ಡಾದಿಡ್ಡಿ ಬಿದ್ದಿದ್ದವು, ಅಳೆಯುವಂತಿರಲಿಲ್ಲ. ಗಾಜಿನ ಅಂಚಿನ ಚೀಟಿಯಲ್ಲಿ ನನ್ನದೇ ದುಂಡು ಅಕ್ಷರ, ಮೀನಿನ ಹೆಸರಿನ ಜಾಗದಲ್ಲಿ ಎರಡು ಗೀಟು. ಯಾರ ಮೇಲೆ ಸಿಟ್ಟು ಮಾಡಲಿ? ಬಿಗಿದು ಕಟ್ಟಿದ ಕೈ ನನ್ನದೇ.

ಆಗ ನಾನು ಎಲ್ಲವನ್ನೂ ಹೇಳಿದೆ. ಮಾವಶಿ ಕೈ ಹಿಡಿದು ತಡೆದದ್ದು, ಬಾಲ ಎತ್ತಿ ತೋರಿಸಿದ್ದು, ನಾನು ಮುಟ್ಟಿ ನೋಡಿದ್ದು, ನೋಟ್‌ಬುಕ್ಕಿನಲ್ಲಿ ಬರೆದು ಅಳಿಸಿದ್ದು. ಅಳಿಸಿದ ಪುಟವನ್ನೂ ತಂದು ತೋರಿಸಿದೆ. ಬೆಳಕಿಗೆ ಹಿಡಿದರೆ ಕಾಗದ ಅಲ್ಲಿ ತೆಳ್ಳಗಾಗಿರುವುದು ಕಾಣುತ್ತಿತ್ತು, ಬೇರೇನೂ ಇಲ್ಲ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕೇಳಿಸಿಕೊಂಡಳು. ಒಳ್ಳೆಯ ಹುಡುಗಿ, ಮನಸ್ಸು ನೋಯಿಸಬಾರದೆಂದು ಮಾತುಗಳನ್ನು ಹುಡುಕಿದಳು.

"ಮ್ಯಾಮ್, ನಿಮ್ಮ ಮಾತು ನಾ ನಂಬ್ತೀನಿ. ಲೇಕಿನ್ ಇಷ್ಟು ವರ್ಷದ ಮ್ಯಾಲ ಯಾದ್ ಹೈ ಅಂತ ಪೇಪರ್‌ನಾಗ ಹೆಂಗ ಬರೀಲಿ? ರೆಫರೆನ್ಸ್ ನಹೀ ಬನ್ ಸಕ್ತಾ ನಾ."

ನಾನು ಒಪ್ಪಿಕೊಂಡೆ. ನೆನಪು ರೆಫರೆನ್ಸ್ ಆಗುವುದಿಲ್ಲ ಎಂದು ಆಕೆ ಹೇಳಿದ್ದು ಸರಿ, ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಹೇಳಬೇಕು ಕೂಡ. ನನ್ನ ಹುಳು ಸಂಶಯಾಸ್ಪದವಾಗಿಯೇ ಉಳಿಯುತ್ತದೆ, ಆಕೆಗೆ ಸಿಕ್ಕಿದ್ದಕ್ಕೆ ಆಕೆ ಹೊಸ ಹೆಸರು ಇಡುತ್ತಾಳೆ. ಆಕೆಯ ಪೇಪರಿನ ಕೊನೆಯಲ್ಲಿ ಸ್ಲೈಡು ಕೊಟ್ಟದ್ದಕ್ಕೆ ನನಗೆ ಒಂದು ಸಾಲಿನ ಕೃತಜ್ಞತೆ ಇರುತ್ತದೆ.

ಲ್ಯಾಪ್‌ಟಾಪ್ ಚೀಲಕ್ಕೆ ಹಾಕುವ ಮೊದಲು ಆಕೆ ಮತ್ತೆ ತೆರೆದು, ಮುಂಬಯಿ ಕಡಲಿನ ತೊರಕೆ ಹುಳುಗಳ ಪಟ್ಟಿಯೊಂದನ್ನು ಸಿದ್ಧ ಮಾಡುತ್ತಿದ್ದೇನೆ ಎಂದಳು. "ನಿಮ್ಮ ಬಾಕಿ ಎರಡು ಸ್ಪೀಷೀಸ್ ಅದಾವಲ್ಲ ಮ್ಯಾಮ್, ಅವುದರಾಗ ಏನೂ ಡೌಟ್ ತೋ ನಹೀ ನಾ?"

ದಾರದ ಎರಡು ಸುತ್ತು, ಐದು ಸುತ್ತು. ಮುಂದಿನ ವರ್ಷ ನಾನು ವಿಭಾಗದ ಮುಖ್ಯಸ್ಥೆಯಾಗುತ್ತೇನೆ, ಕಾರಿಡಾರಿನ ಫಲಕದಲ್ಲಿ ಟ್ರಸ್ಟಿಯ ಹೆಸರಿನ ಹುಳು ಇದೆ.

"ಇಲ್ಲ" ಎಂದೆ.

ಆಕೆ ಪುರಾವೆ ಕೇಳಲಿಲ್ಲ. ಎರಡರ ಮುಂದೆಯೂ ಸರಿ ಗುರುತು ಹಾಕಿಕೊಂಡು, ಥ್ಯಾಂಕ್ಯೂ ಮ್ಯಾಮ್ ಎಂದು ಹೇಳಿ ಹೋದಳು.